ಕಛೇರಿ ಕೇಳಿದ ಕಿವಿಗೆ ಜಾಝ್: ಮೊದಲು ಯಾವ ಆಲ್ಬಮ್, ಯಾವ ಆವೃತ್ತಿ

ಜಾಝ್ ಸಂಗ್ರಹ ಶುರುಮಾಡುವವರಿಗೆ ನಾನು ಮೊದಲು ಹೇಳುವುದು ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ (1959). ಅದರ ಮೊದಲ ರಚನೆ ‘ಸೋ ವಾಟ್’ ನಿಂತಿರುವ ಡೋರಿಯನ್ ಶ್ರೇಣಿಯ ಸ್ವರಗಳು ನಮ್ಮ ಖರಹರಪ್ರಿಯ ರಾಗದವೇ. ಶಿವಮೊಗ್ಗದ ಕಛೇರಿಗಳನ್ನು ಕೇಳಿ ಪಳಗಿದ ಕಿವಿಗೆ ಹಿಡಿದುಕೊಳ್ಳಲು ಒಂದು ಆಸರೆ ಸಿಗುತ್ತದೆ. ಎಡವುವುದು ಒಂದೇ ಕಡೆ. 32 ಬಾರ್‌ಗಳ (ಇಲ್ಲಿ ಬಾರ್ ಎಂದರೆ ನಾಲ್ಕು ಎಣಿಕೆಯ ಗುಂಪು) ಸುತ್ತಿನಲ್ಲಿ ಮೊದಲ 16 ಬಾರ್ ಡಿ ಶ್ರುತಿ, ಆಮೇಲಿನ 8 ಬಾರ್ ಅರ್ಧ ಸ್ವರ ಮೇಲೆ, ಕೊನೆಯ 8 ಮತ್ತೆ ಡಿ. ಇದು ಗ್ರಹಭೇದವಲ್ಲ (ಅಲ್ಲಿ ಅದೇ ಸ್ವರಗಳಲ್ಲಿ ಇನ್ನೊಂದನ್ನು ಷಡ್ಜ ಮಾಡಿಕೊಳ್ಳುತ್ತೇವೆ), ಷಡ್ಜವೇ ಜಾಗ ಬಿಟ್ಟು ಏರುತ್ತದೆ. ಮನಸ್ಸಿನಲ್ಲಿ ತಂಬೂರಿ ಮೀಟುತ್ತಾ ಕೇಳಿದರೆ ಆ ಎಂಟು ಬಾರ್ ಅಪಸ್ವರ ಅನ್ನಿಸುತ್ತವೆ. ಸುತ್ತನ್ನು ಆವರ್ತದಂತೆ ಎಣಿಸಿ, ಹದಿನೇಳನೆಯ ಬಾರ್‌ಗೆ ಕಾಯುತ್ತಾ ಕೇಳಬೇಕು.

ಇದರಲ್ಲಿ ಆವೃತ್ತಿಯ ತೊಡಕೂ ಇದೆ. 1959ರ ಮಾರ್ಚ್ 2ರಂದು ಧ್ವನಿಮುದ್ರಿಸಿದ ಮೂರು ರಚನೆಗಳು, ಅಂದರೆ ಎಲ್‌ಪಿಯ ಮೊದಲ ಬದಿ ಪೂರ್ತಿ, ಧ್ವನಿಮುದ್ರಿಸುವಾಗ ಟೇಪ್ ಯಂತ್ರ ನಿಧಾನವಾಗಿ ಓಡಿದ್ದರಿಂದ, ಸರಿಯಾದ ವೇಗದಲ್ಲಿ ಓಡಿಸಿದಾಗ ಹಳೆಯ ಮುದ್ರಣಗಳಲ್ಲಿ ಶ್ರುತಿ ಏರಿ ಕೇಳುತ್ತವೆ. 1990ರ ದಶಕದ ಮರುಬಿಡುಗಡೆಗಳಲ್ಲಿ ಇದನ್ನು ತಿದ್ದಿದರು. ನಾನು ಪರೀಕ್ಷಿಸುವುದು ಹೀಗೆ: ಎಲೆಕ್ಟ್ರಾನಿಕ್ ತಂಬೂರಿಯನ್ನು ಡಿಗೆ (ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಎರಡು) ಇಟ್ಟು ‘ಸೋ ವಾಟ್’ನ ಮೊದಲ 16 ಬಾರ್‌ಗೆ ಕೂಡಿಸುತ್ತೇನೆ. ಬಳಿಕ ಜಿಗೆ, ಅಂದರೆ ಬಿಳಿ ಐದಕ್ಕೆ, ಇಟ್ಟು ಎರಡನೇ ಬದಿಯ ‘ಆಲ್ ಬ್ಲೂಸ್’ಗೆ. ಮೊದಲ ಬದಿ ಮಾತ್ರ ಏರಿದ್ದರೆ ಅದು ಹಳೆಯ ಮುದ್ರಣ. ಎರಡೂ ಏರಿದ್ದರೆ ತಪ್ಪು ನಿಮ್ಮ ಟರ್ನ್‌ಟೇಬಲ್ಲಿನ ವೇಗದ್ದು.

ಎರಡನೆಯದು ಡೇವ್ ಬ್ರೂಬೆಕ್‌ನ ‘ಟೈಮ್ ಔಟ್’ (1959). ಅದರ ‘ಟೇಕ್ ಫೈವ್’ ಐದರ ಲೆಕ್ಕ ಎಂದು ಖಂಡಛಾಪು ತಾಳ ಹಾಕಿದರೆ ಕೈ ತಪ್ಪುತ್ತದೆ: ನಮ್ಮದು 2+3, ಅದು 3+2. ಅದೇ ಆಲ್ಬಮ್ಮಿನ ‘ಬ್ಲೂ ರಾಂಡೋ’ದ ಒಂಬತ್ತು ಮಾತ್ರೆ 2+2+2+3 ಆಗಿ ಮೂರು ಸಲ ಬಂದು ನಾಲ್ಕನೆಯದು 3+3+3ಕ್ಕೆ ಒಡೆಯುತ್ತದೆ. ತಾಳ ಬಲ್ಲವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ.

ಡ್ಯೂಕ್ ಎಲಿಂಗ್ಟನ್‌ನ 1956ರ ನ್ಯೂಪೋರ್ಟ್ ಜಾಝ್ ಉತ್ಸವದ ಕಾರ್ಯಕ್ರಮ ಕೊಳ್ಳುವಾಗ 1999ರ ಸಂಪೂರ್ಣ ಆವೃತ್ತಿಯನ್ನೇ ಕೇಳಿ ಪಡೆಯಿರಿ. ಹಳೆಯ ಎಲ್‌ಪಿಯಲ್ಲಿ ಬಹುಪಾಲು ಸ್ಟುಡಿಯೋದಲ್ಲಿ ಮತ್ತೆ ನುಡಿಸಿ ಚಪ್ಪಾಳೆ ಸೇರಿಸಿದ್ದು. ಎಲಿಂಗ್ಟನ್ ತಂಡದ ಪಾಲ್ ಗೊನ್ಸಾಲ್ವಿಸ್ 27 ಸುತ್ತು ಸ್ಯಾಕ್ಸೋಫೋನ್ ನುಡಿಸಿದಾಗ ನಿಂತಿದ್ದು ವಾಯ್ಸ್ ಆಫ್ ಅಮೆರಿಕ ರೇಡಿಯೋದ ಮೈಕಿನ ಮುಂದೆ. ಆ ರೇಡಿಯೋದ ಟೇಪ್ ಸಿಕ್ಕ ಮೇಲೆಯೇ ಅದು ಸ್ಪಷ್ಟವಾಗಿ ಕೇಳಿದ್ದು.

ಲೂಯಿ ಆರ್ಮ್‌ಸ್ಟ್ರಾಂಗ್‌ನ 1925–28ರ ಹಾಟ್ ಫೈವ್, ಹಾಟ್ ಸೆವೆನ್ ಮುದ್ರಿಕೆಗಳಿಗೆ ಜೆಎಸ್‌ಪಿ ಕಂಪನಿಯ ಸಿಡಿಗಳು ಸಾಕು. ಹಳೆಯ ತಟ್ಟೆಯ ಗರಗರ ಸದ್ದು ಪೂರ್ತಿ ಅಳಿಸಿದ ಅಗ್ಗದ ಸಂಕಲನಗಳಲ್ಲಿ ಕಹಳೆಯ ಹೊಳಪೂ ಅಳಿಸಿಹೋಗಿರುತ್ತದೆ.

ಜಾನ್ ಕೋಲ್ಟ್ರೇನ್‌ನಲ್ಲಿ ‘ಜೈಂಟ್ ಸ್ಟೆಪ್ಸ್’ ಮೊದಲು ಬೇಡ. ಆಧಾರ ಕ್ಷಣಕ್ಷಣಕ್ಕೂ ಬದಲಾಗುವ ಆ ವೇಗದಲ್ಲಿ ರಾಗದ ಕಿವಿ ದಣಿಯುತ್ತದೆ. 1964ರ ಡಿಸೆಂಬರ್ 9ರಂದು ಮುದ್ರಿತವಾದ ‘ಎ ಲವ್ ಸುಪ್ರೀಮ್’ ತನ್ನಿ. ಸುಮಾರು 33 ನಿಮಿಷ, ನಾಲ್ಕು ಭಾಗ, ನಡುವೆ ಏಳದೆ ಕೇಳಬೇಕು. ಬಾಸ್ ಹಿಡಿಯುವ ನಾಲ್ಕು ಸ್ವರದ ಎಳೆಯನ್ನು ಗುರುತಿಟ್ಟುಕೊಳ್ಳಿ, ಸ್ಯಾಕ್ಸೋಫೋನ್ ಅದನ್ನೇ ಶ್ರುತಿಯಿಂದ ಶ್ರುತಿಗೆ ಹೊತ್ತು ತಿರುಗುತ್ತದೆ.

ನಂತರ ಬಾಸ್ ವಾದಕ ಚಾರ್ಲ್ಸ್ ಮಿಂಗಸ್‌ನ ‘ದ ಬ್ಲ್ಯಾಕ್ ಸೇಂಟ್ ಆ್ಯಂಡ್ ದ ಸಿನ್ನರ್ ಲೇಡಿ’ (1963). ಅದರಲ್ಲಿ ಆಲ್ಟೋ ಸ್ಯಾಕ್ಸೋಫೋನ್ ನುಡಿಸಿದ ಚಾರ್ಲಿ ಮರಿಯಾನೋ ಮುಂದೆ ಬೆಂಗಳೂರಿನ ಆರ್.ಎ. ರಮಾಮಣಿ, ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ‘ಜ್ಯೋತಿ’ (1983) ಮಾಡಿದರು. ಎರಡನ್ನೂ ಒಂದೇ ವಾರದಲ್ಲಿ ಕೇಳಿ.

ಎಲ್‌ಪಿ ಕೊಳ್ಳುವವರಿಗೆ ಮಲೆನಾಡಿನ ಮಳೆಯೇ ದೊಡ್ಡ ಶತ್ರು. ತೇವ ಶೇಕಡಾ 70 ದಾಟಿತೆಂದರೆ ಕಾಗದದ ಒಳಕವರಿನಿಂದ ಬೂಷ್ಟು ಗೆರೆಗಳಿಗೆ ಇಳಿಯುತ್ತದೆ. ಒಳಕವರನ್ನು ಪಾಲಿಥೀನ್‌ನದಕ್ಕೆ ಬದಲಿಸಿ, ಹೊರಕವರಿನ ಬಾಯಿ ಮುಚ್ಚಬೇಡಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ. ಬೂಷ್ಟನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಗೆರೆಯೊಳಗೆ ಇನ್ನಷ್ಟು ಹರಡುತ್ತದೆ. ನಾಲ್ಕು ಪಾಲು ಡಿಸ್ಟಿಲ್ಡ್ ನೀರಿಗೆ ಒಂದು ಪಾಲು ಐಸೋಪ್ರೊಪೈಲ್ ಆಲ್ಕೊಹಾಲ್ ಬೆರೆಸಿ, ಲೇಬಲ್ ನೆನೆಯದಂತೆ, ಗೆರೆ ಹೋದ ದಿಕ್ಕಿಗೇ ಒರೆಸಿ, ಕೊನೆಗೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ಒರೆಸಿ. ಬಾವಿ ನೀರಾದರೆ ಅದರ ಲವಣ ಗೆರೆಯಲ್ಲುಳಿದು ಚಟಪಟ ಸದ್ದಾಗುತ್ತದೆ. ಅಟ್ಟದಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳಿದ್ದರೆ ಅವಕ್ಕೆ ಈ ಮಿಶ್ರಣ ತಾಕಿಸಲೇಬೇಡಿ. ಅವು ಅರಗಿನವು, ಆಲ್ಕೊಹಾಲಿಗೆ ಕರಗುತ್ತವೆ.