ಎಡಕ್ಕೆ ಎಳೆಯುತ್ತಿದ್ದ ಕಾರು: ದೋಷ ಸಿಕ್ಕಿದ್ದು ಬ್ರೇಕಿನಲ್ಲಿ

ಸಮತಟ್ಟಾದ ನೇರ ರಸ್ತೆಯಲ್ಲಿಯೂ ಸ್ಟೀರಿಂಗ್ ಹಿಡಿತ ಸಡಿಲಿಸಿದ ಕೂಡಲೇ ನನ್ನ ಕಾರು ಎಡಕ್ಕೆ ಸರಿಯುತ್ತಿತ್ತು. ಟೈರುಗಳ ಗಾಳಿ ಎರಡೂ ಬದಿಯಲ್ಲಿ ಸಮವಾಗಿತ್ತು. ಮುಂದಿನ ಚಕ್ರಗಳನ್ನು ಅದಲುಬದಲು ಮಾಡಿದರೂ ಎಳೆತದ ದಿಕ್ಕು ಬದಲಾಗದಿದ್ದುದರಿಂದ ಟೈರಿನ ಮೇಲಿನ ಸಂಶಯ ದೂರವಾಯಿತು. ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್‌ಗೆ ಹಣ ಸುರಿಯುವ ಮೊದಲು ಬ್ರೇಕನ್ನು ಪರೀಕ್ಷಿಸಲೇಬೇಕೆಂಬುದು ನನ್ನ ದೃಢ ಅಭಿಪ್ರಾಯ; ಆದ್ದರಿಂದ ಬ್ರೇಕನ್ನು ಹೆಚ್ಚು ಒತ್ತದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಒಂದೊಂದು ಚಕ್ರದ ಬಳಿಯೂ ಮುಟ್ಟದಂತೆ ಅಂಗೈ ಹಿಡಿದು ನೋಡಿದಾಗ, ಮುಂದಿನ ಎಡಚಕ್ರವೊಂದರಿಂದ ಮಾತ್ರ ಕಾವು ಅಂಗೈಗೆ ರಾಚುತ್ತಿತ್ತು, ಜೊತೆಗೆ ಸುಟ್ಟ ವಾಸನೆಯೂ ಇತ್ತು. ಜಾಕ್ ಕೊಟ್ಟು ಎತ್ತಿದರೂ ಆ ಚಕ್ರ ಕೈಯಿಂದ ಸಲೀಸಾಗಿ ತಿರುಗಲಿಲ್ಲ. ಬ್ರೇಕ್ ಪ್ಯಾಡುಗಳನ್ನು ಚಕ್ರದ ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಅತ್ತಿತ್ತ ಜಾರಲು ನೆರವಾಗುವ ಸ್ಲೈಡ್ ಪಿನ್ ತುಕ್ಕು ಹಿಡಿದು ಬಿಗಿದುಕೊಂಡಿತ್ತು; ಹಾಗಾಗಿ ಬ್ರೇಕ್ ಬಿಟ್ಟರೂ ಆ ಚಕ್ರದ ಹಿಡಿತ ಸಡಿಲವಾಗದೆ ಕಾರು ಎಡಕ್ಕೆ ಎಳೆಯುತ್ತಿತ್ತು. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಬಹಳ ಹೆಚ್ಚು ಸವೆದಿತ್ತು. ಪಿನ್ ಬದಲಿಸಿ, ಬ್ರೇಕಿಗೆಂದೇ ಇರುವ ಗ್ರೀಸ್ ಸವರಿ, ಎರಡೂ ಬದಿಗೆ ಹೊಸ ಪ್ಯಾಡ್ ಹಾಕಿದ ಮೇಲೆ ಕಾರು ನೆಟ್ಟಗೆ ಸಾಗುತ್ತಿದೆ.