ಪಿಕಪ್ ದಿಣ್ಣೆ ಹತ್ತುತ್ತಿಲ್ಲವೇ? ಏರ್ ಫ್ಲೋ ಸೆನ್ಸರ್ ಹೀಗೆ ನೋಡಿ

ಟೊಮೆಟೊ ಲೋಡ್ ಹಾಕಿಕೊಂಡು ದಿಣ್ಣೆ ಹತ್ತುವಾಗ ಡೀಸೆಲ್ ಪಿಕಪ್ ಎಳೆಯುವುದನ್ನೇ ಬಿಡುತ್ತದೆ. ಹಿಂದೆ ಕಪ್ಪು ಹೊಗೆ, ಮುಂದೆ ಚೆಕ್ ಎಂಜಿನ್ ಲೈಟು. ಸ್ಕ್ಯಾನರ್ ಹಾಕಿದರೆ ಪಿ0101 ಕೋಡ್, ಅಂದರೆ ಏರ್ ಫ್ಲೋ ಸೆನ್ಸರ್ ಕೊಡುವ ಲೆಕ್ಕ ಹೊಂದುತ್ತಿಲ್ಲ ಎಂಬ ಸೂಚನೆ. ‘ಏರ್ ಫ್ಲೋ ಸೆನ್ಸರ್ ಹೋಗಿದೆ, ಬದಲಾಯಿಸಿ’ ಅನ್ನುತ್ತಾರೆ ಮೆಕ್ಯಾನಿಕ್‌ಗಳು. ನಾನೂ ಒಮ್ಮೆ ಬದಲಾಯಿಸಿದೆ. ಎರಡೇ ದಿನಕ್ಕೆ ಅದೇ ಲೈಟು ಮತ್ತೆ ಬಂತು. ಎಂಜಿನ್ನಿಗೆ ಗಾಳಿ ಒತ್ತಿ ಕಳಿಸುವ ಟರ್ಬೊಗೆ ಹೋಗುವ ರಬ್ಬರ್ ಪೈಪಿನ ಅಡಿಯಲ್ಲಿ, ಕ್ಲಿಪ್ ಕೂರುವ ಜಾಗದಲ್ಲಿ ಉಗುರಿನಷ್ಟು ಬಿರುಕಿತ್ತು. ಹೊರಗಿನಿಂದ ಕಾಣುತ್ತಿರಲಿಲ್ಲ, ಪೈಪ್ ಮಡಚಿದಾಗ ಬಾಯಿಬಿಟ್ಟಿತು.

ಸೆನ್ಸರ್ ಇರುವುದು ಏರ್ ಫಿಲ್ಟರ್ ಡಬ್ಬಿ ದಾಟಿದ ತಕ್ಷಣ. ಒಳಗೆ ಬಿಸಿಯಾದ ಸಣ್ಣ ತಂತಿ ಅಥವಾ ಫಿಲ್ಮ್ ಇರುತ್ತದೆ. ಗಾಳಿ ತಾಗಿ ಅದು ಎಷ್ಟು ತಣಿಯುತ್ತದೆ ಅನ್ನುವುದರ ಮೇಲೆ ಎಂಜಿನ್ನಿಗೆ ಹೋಗುವ ಗಾಳಿಯ ಲೆಕ್ಕ ಸಿಗುತ್ತದೆ. ಸೆನ್ಸರ್ ದಾಟಿದ ಮೇಲೆ ಪೈಪ್ ಸೀಳಿದ್ದರೆ ಲೆಕ್ಕ ತಪ್ಪುವುದು ಸಹಜ ಅಲ್ವಾ?

ಹಾಗಾಗಿ ಮೊದಲು ಫಿಲ್ಟರ್ ತೆಗೆದು ನೋಡಿ. ಮಣ್ಣುರಸ್ತೆಯ ಗಾಡಿಯಲ್ಲಿ ಧೂಳು ಬೇಗ ಕಟ್ಟುತ್ತದೆ. ನಂತರ ಪೈಪುಗಳನ್ನು ಕೈಯಲ್ಲಿ ಹಿಂಡಿ, ಮಡಚಿ ನೋಡಿ. ಪಿ0102 (ಸೆನ್ಸರ್ ಸಿಗ್ನಲ್ ತೀರಾ ಕಡಿಮೆ) ಅಥವಾ ಪಿ0103 (ತೀರಾ ಹೆಚ್ಚು) ಬಂದಿದ್ದರೆ ಕನೆಕ್ಟರ್ ಪಿನ್ನುಗಳಲ್ಲಿ ಹಸಿರು ತುಕ್ಕು ಹಿಡಿದಿದೆಯೇ, ವೈರ್ ತುಂಡಾಗಿದೆಯೇ ಎಂದು ನೋಡಿ.

ಈಗ ಸ್ಕ್ಯಾನರಿನಲ್ಲಿ ಲೈವ್ ರೀಡಿಂಗ್ ತೆರೆಯಿರಿ. ಎಂಜಿನ್ ಆಫ್ ಇಟ್ಟು ಬರೀ ಕೀ ಆನ್ ಮಾಡಿದರೆ ಅಂಕಿ ಸೊನ್ನೆಯ ಹತ್ತಿರ ಇರಬೇಕು. ಸ್ಟಾರ್ಟ್ ಮಾಡಿ ರೇಸ್ ಕೊಟ್ಟರೆ ತಕ್ಷಣ ಏರಬೇಕು. ಏರಲು ತಡಮಾಡಿದರೆ, ಸುಮ್ನೆ ಒಂದೇ ಕಡೆ ನಿಂತರೆ ಸೆನ್ಸರ್ ಮೇಲೆ ಅನುಮಾನ ಪಡಿ. ಆದರೆ ಎಂಜಿನ್ ಬಿಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಒಳಗೆ ಕಳಿಸುವ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೂ ರೀಡಿಂಗ್ ಕಡಿಮೆ ಬರುತ್ತದೆ. ಹೊಸ ಗಾಳಿಯ ಜಾಗವನ್ನು ಹೊಗೆ ತುಂಬಿರುತ್ತದೆ. ಆ ವಾಲ್ವನ್ನೂ ಒಮ್ಮೆ ಬಿಚ್ಚಿಸಿ ನೋಡಿ.

ಇನ್ನೊಂದು ಪರೀಕ್ಷೆ: ಎಂಜಿನ್ ಆಫ್ ಮಾಡಿ, ಸೆನ್ಸರ್ ಪ್ಲಗ್ ಕಳಚಿ, ಮತ್ತೆ ಸ್ಟಾರ್ಟ್ ಮಾಡಿ ಸ್ವಲ್ಪ ದೂರ ಓಡಿಸಿ. ಲೈಟು ಉರಿಯುತ್ತದೆ, ಹೆದರಬೇಡಿ. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಆಗ ತನ್ನದೇ ಅಂದಾಜಿನಲ್ಲಿ ನಡೆಸುತ್ತದೆ. ಗಾಡಿ ಮೊದಲಿಗಿಂತ ಚೆನ್ನಾಗಿ ಎಳೆದರೆ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತಿದೆ ಎಂದೇ ಹೆಚ್ಚಾಗಿ ಅರ್ಥ.

ಆಗಲೂ ಹೊಸದು ಕೊಳ್ಳುವ ಮೊದಲು ತೊಳೆದು ನೋಡಿ. ಏರ್ ಫ್ಲೋ ಸೆನ್ಸರ್‌ಗೆಂದೇ ಸಿಗುವ ಸ್ಪ್ರೇ ಮಾತ್ರ ಬಳಸಿ, ಕಾರ್ಬುರೇಟರ್ ಕ್ಲೀನರ್ ಬೇಡ. ತಂತಿಗೆ ಬೆರಳು, ಬಟ್ಟೆ, ಕಂಪ್ರೆಸರ್ ಗಾಳಿ ಯಾವುದೂ ತಾಗಬಾರದು. ಪೂರ್ತಿ ಒಣಗಲು ಬಿಡಿ. ಕೋಡ್ ಅಳಿಸಿ, ಲೋಡ್ ಹಾಕಿಕೊಂಡು ಅದೇ ದಿಣ್ಣೆ ಹತ್ತಿಸಿ ನೋಡಿ.