ಬಿಪಿ ನೋಡಿಕೊಳ್ಳುವಾಗ ಕೈ ಎಲ್ಲಿಡಬೇಕು?

ಈಗ ಎಷ್ಟೋ ಮನೆಗಳಲ್ಲಿ ಬಿಪಿ ಮೆಷಿನ್ ಇದೆ. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಅರೆ ನಿಮಿಷದಲ್ಲಿ ನಂಬರ್ ಬಂದುಬಿಡುತ್ತದೆ. ಆದರೆ ಗುಂಡಿ ಒತ್ತಿದಾಗ ನಿಮ್ಮ ಕೈ ಎಲ್ಲಿತ್ತು?

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 133 ಜನರನ್ನು ಕೂರಿಸಿ ಇದನ್ನೇ ಪರೀಕ್ಷೆ ಮಾಡಿದರು. ಫಲಿತಾಂಶ 2024ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಮೇಜಿನ ಮೇಲೆ ಕೈ ಇಟ್ಟಾಗ ಬಂದ ನಂಬರಿಗಿಂತ, ತೊಡೆಯ ಮೇಲೆ ಇಟ್ಟಾಗ ಮೇಲಿನ ಬಿಪಿ (ಎರಡು ನಂಬರಿನಲ್ಲಿ ದೊಡ್ಡದು) ಸರಾಸರಿ 3.9 ಪಾಯಿಂಟ್ ಜಾಸ್ತಿ ಬಂತು. ಕೈಯನ್ನು ಪಕ್ಕಕ್ಕೆ ಇಳಿಬಿಟ್ಟಾಗ 6.5 ಪಾಯಿಂಟ್ ಜಾಸ್ತಿ.

ಆರು ಪಾಯಿಂಟ್ ತಾನೇ ಅನ್ನಬೇಡಿ. ಮನೆಯಲ್ಲಿ ನೋಡಿದಾಗ ಸರಾಸರಿ 135/85 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದನ್ನು ಅಧಿಕ ರಕ್ತದೊತ್ತಡ ಎಂದು ಯುರೋಪಿನ ತಜ್ಞರು ಲೆಕ್ಕ ಹಾಕುತ್ತಾರೆ. ಅಮೆರಿಕದವರ ಗೆರೆ ಇನ್ನೂ ಕೆಳಗೆ, 130/80. ಯುರೋಪಿನ ಗೆರೆಯನ್ನೇ ಹಿಡಿದರೂ, ನಿಜವಾಗಿ 130 ಇರುವವರಿಗೆ ಮೆಷಿನ್ 136 ತೋರಿಸಿದರೆ, ಬೇಡದ ಮಾತ್ರೆ ಶುರುವಾಗಬಹುದು. ಮೊದಲೇ ಮಾತ್ರೆ ತಗೊಳ್ಳುವವರಿಗೆ ಡೋಸ್ ಏರಬಹುದು. ಡೋಸ್ ಜಾಸ್ತಿಯಾದರೆ ವಯಸ್ಸಾದವರು ಎದ್ದು ನಿಂತಾಗ ತಲೆ ಸುತ್ತಿ ಬೀಳುವ ಅಪಾಯವಿದೆ. ಅದಕ್ಕೇ ಈ ಸಣ್ಣ ವಿಷಯವನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೊದಲು ಪಟ್ಟಿ ನೋಡಿ

ಮೆಷಿನ್ ಎಷ್ಟೇ ಒಳ್ಳೆಯದಿರಲಿ, ಪಟ್ಟಿಯ ಅಳತೆ ತಪ್ಪಿದರೆ ಪ್ರಯೋಜನವಿಲ್ಲ. 2023ರಲ್ಲಿ 195 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನ ಇದನ್ನು ತೋರಿಸಿತು. ತುಂಬಾ ದಪ್ಪ ತೋಳಿನವರಿಗೆ ಸಾಮಾನ್ಯ ಅಳತೆಯ ಪಟ್ಟಿ ಸುತ್ತಿದಾಗ ಮೇಲಿನ ಬಿಪಿ ಸರಾಸರಿ 19.5 ಪಾಯಿಂಟ್ ಜಾಸ್ತಿ ಬಂತು. ಸಣ್ಣ ತೋಳಿನವರಿಗೆ ಅದೇ ಪಟ್ಟಿ 3.6 ಪಾಯಿಂಟ್ ಕಡಿಮೆ ತೋರಿಸಿತು. ಹಾಗಾಗಿ ಭುಜ ಮತ್ತು ಮೊಣಕೈ ನಡುವೆ ತೋಳಿನ ಸುತ್ತಳತೆಯನ್ನು ಟೇಪ್ ಹಿಡಿದು ನೋಡಿ. ಎಷ್ಟು ಸೆಂಟಿಮೀಟರಿನ ತೋಳಿಗೆ ಸರಿಹೋಗುತ್ತದೆ ಎಂದು ಪಟ್ಟಿಯ ಮೇಲೋ ಡಬ್ಬಿಯ ಮೇಲೋ ಬರೆದಿರುತ್ತದೆ. ಹೊಂದದಿದ್ದರೆ ಬೇರೆ ಪಟ್ಟಿ ತಗೊಳ್ಳಿ. ಹೊಸ ಮೆಷಿನ್ ಕೊಳ್ಳುವವರು ಮಣಿಕಟ್ಟಿಗೆ ಕಟ್ಟುವುದನ್ನು ಬಿಟ್ಟು ತೋಳಿಗೆ ಸುತ್ತುವುದನ್ನೇ ಆರಿಸಿಕೊಳ್ಳಿ.

ಅಳೆಯುವ ಮುಂಚಿನ ಅರ್ಧ ಗಂಟೆ

ಕಾಫಿ, ಟೀ, ಬೀಡಿ-ಸಿಗರೇಟು, ವ್ಯಾಯಾಮ ಯಾವುದೂ ಬೇಡ. ಮೂತ್ರಕ್ಕೆ ಹೋಗಿ ಬನ್ನಿ; ಮೂತ್ರಕೋಶ ತುಂಬಿದ್ದರೂ ಬಿಪಿ ಏರುತ್ತದೆ. ಆಮೇಲೆ ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂತು ಐದು ನಿಮಿಷ ಸುಮ್ನೆ ಇರಿ. ಮೊಬೈಲ್ ಪಕ್ಕಕ್ಕಿಡಿ. ಈ ಐದು ನಿಮಿಷ ಎಲ್ಲರಿಗೂ ಕಷ್ಟ, ಹೆಚ್ಚಿನವರು ಹಾರಿಸುವುದೂ ಇದನ್ನೇ.

ಕೂರುವುದು, ಕೈ ಇಡುವುದು

ಎರಡೂ ಪಾದ ನೆಲಕ್ಕೆ ತಾಗಿರಲಿ. ಕಾಲ ಮೇಲೆ ಕಾಲು ಹಾಕಬೇಡಿ. ತೋಳಿನ ಮೇಲೆ ಬಟ್ಟೆ ಇರಬಾರದು. ಅಂಗಿಯ ತೋಳನ್ನು ಬಿಗಿಯಾಗಿ ಮೇಲಕ್ಕೆ ಮಡಚುವುದೂ ಬೇಡ, ಅದರಿಂದ ಕೈಯನ್ನೇ ಹೊರಗೆ ತೆಗೆಯುವುದು ವಾಸಿ. ಪಟ್ಟಿಯ ಕೆಳಗಿನ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ.

ಈಗ ಕೈಯ ವಿಷಯ. ಅಂಗೈ ಮೇಲೆ ಮಾಡಿ, ಇಡೀ ಕೈಯನ್ನು ಮೇಜಿನ ಮೇಲೆ ಚಾಚಿ, ಭಾರವನ್ನೆಲ್ಲ ಮೇಜಿಗೆ ಬಿಡಿ. ಪಟ್ಟಿಯ ನಡುಭಾಗ ಎದೆಯ ಮಧ್ಯದ ಎತ್ತರಕ್ಕೆ, ಅಂದರೆ ಹೃದಯದ ಮಟ್ಟಕ್ಕೆ ಬರಬೇಕು. ಮೇಜು ತಗ್ಗಾಗಿದ್ದರೆ ಕೈ ಕೆಳಗೆ ದಿಂಬು ಇಡಿ.

ಹೃದಯದ ಮಟ್ಟವೇ ಯಾಕೆ? ಮಾಳಿಗೆ ಮೇಲಿನ ಟ್ಯಾಂಕಿನ ನೀರು ಕೆಳಗಿನ ನಲ್ಲಿಯಲ್ಲಿ ಹೆಚ್ಚು ರಭಸದಿಂದ ಬರುತ್ತದೆ ಅಲ್ವಾ, ರಕ್ತಕ್ಕೂ ಅದೇ ನಿಯಮ. ಪಟ್ಟಿ ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ, ಬರೀ ರಕ್ತದ ಭಾರದಿಂದಲೇ ಸುಮಾರು 7ರಿಂದ 8 ಪಾಯಿಂಟ್ ಸೇರಿಕೊಳ್ಳುತ್ತದೆ. ಆಸರೆಯಿಲ್ಲದೆ ಕೈಯನ್ನು ನೀವೇ ಎತ್ತಿ ಹಿಡಿದರೆ ಇನ್ನೊಂದು ತೊಂದರೆ: ಸ್ನಾಯು ಬಿಗಿಯಾಗಿ ಬಿಪಿ ನಿಜವಾಗಿಯೇ ಸ್ವಲ್ಪ ಏರುತ್ತದೆ.

ಗುಂಡಿ ಒತ್ತಿದ ಮೇಲೆ

ಪಟ್ಟಿ ಊದಿಕೊಂಡು ತೋಳಿನ ರಕ್ತನಾಳವನ್ನು ಒತ್ತುತ್ತದೆ. ಗಾಳಿ ನಿಧಾನಕ್ಕೆ ಇಳಿಯುವಾಗ ನಾಳ ಮತ್ತೆ ಮಿಡಿಯತೊಡಗುತ್ತದೆ. ಆ ಮಿಡಿತದ ಸಣ್ಣ ಅಲುಗಾಟ ಪಟ್ಟಿಯೊಳಗಿನ ಗಾಳಿಗೆ ತಲುಪುತ್ತದೆ. ಅಲುಗಾಟ ಯಾವಾಗ ಶುರುವಾಗಿ, ಎಲ್ಲಿ ಜೋರಾಗಿ, ಹೇಗೆ ಕ್ಷೀಣಿಸಿತು ಎಂಬುದರಿಂದ ಮೆಷಿನ್ ಎರಡು ನಂಬರ್ ಲೆಕ್ಕ ಹಾಕುತ್ತದೆ. ನೀವು ಬೆರಳಾಡಿಸಿದರೆ ಅದೂ ಈ ಲೆಕ್ಕದಲ್ಲಿ ಸೇರಿ ಎಡವಟ್ಟಾಗುತ್ತದೆ. ಮಾತಾಡಿದರಂತೂ ಬಿಪಿಯೇ ಏರುತ್ತದೆ. ಪಕ್ಕದಲ್ಲಿದ್ದವರಿಗೂ ಹೇಳಿಡಿ, ಆ ಅರೆ ನಿಮಿಷ ಯಾರೂ ಮಾತಾಡಿಸಬಾರದು. ಎದೆಬಡಿತದ ಲಯ ತಪ್ಪುವ ತೊಂದರೆ ಇರುವವರಿಗೆ ಈ ಲೆಕ್ಕ ಅಷ್ಟು ಸರಿಯಾಗಿ ಬರುವುದಿಲ್ಲ. ಅವರು ಡಾಕ್ಟರನ್ನು ಕೇಳಿ ಮುಂದುವರಿಯಬೇಕು.

ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ಎರಡನ್ನೂ ಬರೆದಿಡಿ. ಚೆನ್ನಾಗಿ ಬಂದದ್ದನ್ನು ಮಾತ್ರ ಬರೆದರೆ ಡಾಕ್ಟರಿಗೆ ಉಪಯೋಗವಿಲ್ಲ. ಮೊದಲ ಸಲ ಎರಡೂ ತೋಳಿನಲ್ಲಿ ನೋಡಿ, ಜಾಸ್ತಿ ಬಂದ ತೋಳನ್ನೇ ಮುಂದೆ ಬಳಸಿ.

ಎಷ್ಟು ದಿನ?

ಬೆಳಿಗ್ಗೆ ತಿಂಡಿ, ಮಾತ್ರೆಗೆ ಮುಂಚೆ ಎರಡು ಸಲ. ಸಂಜೆ ಎರಡು ಸಲ. ಏಳು ದಿನ ಮಾಡಿದರೆ ಒಳ್ಳೆಯದು, ಕನಿಷ್ಠ ಮೂರು ದಿನ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಕ್ಲಿನಿಕ್‌ನಲ್ಲಿ ಮಾತ್ರ ಬಿಪಿ ಏರುವವರಿದ್ದಾರೆ, ಅಲ್ಲಿ ಸರಿಯಿದ್ದು ಮನೆಯಲ್ಲಿ ಏರುವವರೂ ಇದ್ದಾರೆ. ಇಬ್ಬರನ್ನೂ ಪತ್ತೆ ಹಚ್ಚಲು ಹೀಗೆ ಬರೆದಿಟ್ಟ ನಂಬರುಗಳು ಬೇಕು.

ಹಾಗಾದರೆ ಬಿಪಿ ತೋರಿಸುವ ವಾಚು, ಉಂಗುರ? ಅವುಗಳಲ್ಲಿ ಹೆಚ್ಚಿನವು ಚರ್ಮಕ್ಕೆ ಬೆಳಕು ಬಿಟ್ಟು ನಾಡಿ ನೋಡಿ ಅಂದಾಜು ಮಾಡುತ್ತವೆ. ಎಷ್ಟೋ ವಾಚುಗಳನ್ನು ಆಗಾಗ ತೋಳಿನ ಪಟ್ಟಿಯ ಮೆಷಿನ್ ಜೊತೆ ಹೊಂದಿಸಬೇಕಾಗುತ್ತದೆ. ತಂತ್ರಜ್ಞಾನ ಬೆಳೆಯುತ್ತಿದೆ ನಿಜ. ಆದರೆ ಯುರೋಪಿನ ಹೃದ್ರೋಗ ತಜ್ಞರ 2024ರ ಮಾರ್ಗಸೂಚಿ ಇವನ್ನು ಸದ್ಯಕ್ಕೆ ಶಿಫಾರಸು ಮಾಡಿಲ್ಲ. ಇವನ್ನು ನಂಬಿ ಮಾತ್ರೆ ನಿಲ್ಲಿಸುವುದಂತೂ ಖಂಡಿತ ಬೇಡ.

180/120 ದಾಟಿದರೆ ಗಾಬರಿಯಾಗದೆ ಕೆಲವು ನಿಮಿಷ ಕೂತು ಮತ್ತೆ ಅಳೆಯಿರಿ. ಆಗಲೂ ಇಳಿಯದಿದ್ದರೆ ಅವತ್ತೇ ಡಾಕ್ಟರನ್ನು ಸಂಪರ್ಕಿಸಿ. ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಒಂದು ಬದಿಯ ಕೈಕಾಲಿನ ದುರ್ಬಲತೆ, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ ಎರಡನೇ ಸಲ ಅಳೆಯುತ್ತಾ ಕೂರಬೇಡಿ. ತಕ್ಷಣ ಆಂಬುಲೆನ್ಸ್ ಕರೆಯಿರಿ.